ಮಾಸ್ತರ ಜೋಡಿ

ಅಮೆರಿಕದ ರಿಚರ್ಡ್‌ಸನ್ನಿನಲ್ಲಿರುವ ಮಗಳ ಮನೆಯಲ್ಲಿ ಮೊಮ್ಮಗಳು ಹಾಲಿವುಡ್ಡಿನ ಹಳೆಯ ಹಾಡು-ಕುಣಿತದ ಚಿತ್ರ ಹಾಕಿ, "ಅಜ್ಜಾ, ದೇ ಆರ್ ಫೇಕಿಂಗ್ ಇಟ್! ಈ ಲವ್ ಎಲ್ಲಾ ಪಬ್ಲಿಸಿಟಿಗೆ!" ಎಂದು ನಕ್ಕಾಗ ನನಗೆ ನಗು ಬರಲಿಲ್ಲ.

ಅದೇ ಚಿತ್ರವನ್ನು ಹತ್ತು ವರ್ಷದವನಿದ್ದಾಗ, ಒಂದು ಭಾನುವಾರ ಮಧ್ಯಾಹ್ನ, ಹುಬ್ಬಳ್ಳಿಯ ಟಾಕೀಸಿನಲ್ಲಿ ಅಕ್ಕನೊಂದಿಗೆ ನೋಡಿದ್ದೆ. ತಗಡಿನ ಚಾವಣಿ ಕಾದಿತ್ತು, ಹುರಿದ ಶೇಂಗಾದ ವಾಸನೆ ತುಂಬಿತ್ತು. ಅಕ್ಕನ ಕಾಲೇಜಿನ ಇಂಗ್ಲಿಷ್ ಮಾಸ್ತರರು ಅಲ್ಲೇ ಸಿಕ್ಕರು. ನನ್ನ ಒಂದು ಬದಿಗೆ ಅಕ್ಕ, ಇನ್ನೊಂದು ಬದಿಗೆ ಅವರು ಕೂತರು. ತೆರೆಯ ಮೇಲೆ ನಟ-ನಟಿ ಕೈಹಿಡಿದಾಗಲೆಲ್ಲ ಮಾಸ್ತರರು, "ಇದು ಬರೇ ಪೇಪರಿನ್ಯಾಗಿನ ಪ್ರೀತಿ ಬಿಡೋ ತಮ್ಮಾ" ಎನ್ನುತ್ತಿದ್ದರು. ಅಕ್ಕ ಸೆರಗು ಬಾಯಿಗೊತ್ತಿ ನಗುತ್ತಿದ್ದಳು.

ಇಂಟರ್ವಲ್‌ನಲ್ಲಿ ಸೋಡಾ ಕೇಳಿದೆ. "ಗಂಟಲು ಕೆಟ್ಟೈತಿ, ಸುಮ್ನ ಕುಂದರು" ಎಂದಳು ಅಕ್ಕ.

ಆ ಸಿಟ್ಟು ಮನೆಯ ತನಕ ಬಂತು. "ಪಿಕ್ಚರ್ ಹೆಂಗಿತ್ತಲೇ?" ಎಂದರು ಅಪ್ಪ.

"ಅಕ್ಕ ಮಾಸ್ತರ ಜೋಡಿ ಕುಂತಿದ್ಲರಿ."

ನಮ್ಮ ಕಡೆ 'ಜೋಡಿ' ಎಂದರೆ ಜೊತೆಗೆ ಎಂದಷ್ಟೇ. ಆದರೆ ಪೋಸ್ಟರಿನ ಮೇಲಿನ ಜೋಡಿ ಎಂದರೇನೆಂಬುದೂ ನನಗೆ ಗೊತ್ತಿತ್ತು.

ಅಪ್ಪ ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟರು. "ಕಾಲೇಜು ಸಾಕಿನ್ನ."

"ನಡುವ ಯಾರು ಕುಂತಿದ್ರು, ಹೇಳೋ" ಎಂದು ಅಕ್ಕ ನನ್ನ ಮುಖವನ್ನೇ ನೋಡಿದಳು. ನಾನು ಬಾಯಿ ಬಿಡಲಿಲ್ಲ.

ಆ ಸಂಜೆಯೇ ಅವಳು ಪುಸ್ತಕಗಳನ್ನು ಹಳೆಯ ಸೀರೆಯಲ್ಲಿ ಕಟ್ಟಿ ಅಟ್ಟಕ್ಕೇರಿಸಿದಳು. ಅವಳು ಬೀಳಬಾರದೆಂದು ಏಣಿಯನ್ನು ಗಟ್ಟಿಯಾಗಿ ಹಿಡಿದು ನಿಂತಿದ್ದವನು ನಾನೇ.