ಮುಳುಗದ ಮುದುಕ

ಹೆಂಡತಿ ಮಾರ್ಥಾ ಮಾರ್ಮನ್ ಎಂಬ ಕ್ರೈಸ್ತ ಪಂಥ ಸೇರಿದಳೆಂದು ನೇಕಾರ ಜೇಬೆಜ್ ಇಂಗ್ಲೆಂಡ್ ಬಿಟ್ಟ, ಕಡಲು ದಾಟಿದ, ಕೈಗಾಡಿ ಎಳೆದುಕೊಂಡು ಸಾವಿರ ಮೈಲಿ ನಡೆದು ಅಮೆರಿಕದ ಕಣಿವೆಯೊಂದಕ್ಕೆ ಬಂದು ನೆಲೆಸಿದ. ಆದರೆ ದೀಕ್ಷೆಗೆಂದು ಹೊಳೆಯಲ್ಲಿ ಮುಳುಗು ಹಾಕಲು ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ಎಲ್ಲಾ ನಿನ್ನ ಮಾತಿನಂತೆ ನಡೆದಾಯ್ತು. ಇದೊಂದಾದರೂ ನನ್ನಿಷ್ಟಕ್ಕಿರಲಿ," ಎಂದು ಇಪ್ಪತ್ತು ವರ್ಷ ತಳ್ಳಿದ.

ಅವನಿಗೆ ಅರವತ್ತು ತುಂಬಿದ ಚಳಿಗಾಲದಲ್ಲಿ ಮಾರ್ಥಾ ಪೀಡಿಸುವುದನ್ನೇ ನಿಲ್ಲಿಸಿಬಿಟ್ಟಳು. ಒಂದು ವಾರ ಕಾದು ಜೇಬೆಜನೇ ಬಾಯಿಬಿಟ್ಟ.

"ಯಾಕೆ, ನನ್ನ ಆಸೆ ಬಿಟ್ಟೆಯಾ?"

"ಬಿಡೋದೆಲ್ಲಿ ಬಂತು! ಸತ್ತ ಮೇಲೂ ನೀವು ನನ್ನ ಜೊತೆಗೇ ಇರಬೇಕು, ದೀಕ್ಷೆಯಿಲ್ಲದೆ ಅದು ಆಗೋದಿಲ್ಲ. ಅದಕ್ಕೀಗ ದಾರಿ ಸಿಕ್ಕಿದೆ. ನೀವು ಹೋದಮೇಲೆ ನಿಮ್ಮ ಹೆಸರಲ್ಲಿ ಇನ್ನೊಬ್ಬ ಗಂಡಸು ಮುಳುಗಿದರೂ ಸಾಕಂತೆ."

"ನಮಗೆ ಗಂಡುಮಕ್ಕಳಿಲ್ಲವಲ್ಲ, ಯಾರು ಮುಳುಗ್ತಾರೆ?"

"ಈನಾಕ್ ಒಪ್ಪಿದ್ದಾನೆ."

ಈನಾಕ್ ಎಂದರೆ ಅಳಿಯ. ಮಾವನ ಮನೆಯಿಂದ ಒಯ್ದದ್ದನ್ನು ಒಮ್ಮೆಯೂ ಹಿಂದಿರುಗಿಸದ ಆಸಾಮಿ.

"ನನ್ನ ಕೋಟು ಒಯ್ದ, ಗುದ್ದಲಿ ಒಯ್ದ, ಕೊಡಲಿ ಒಯ್ದ. ಈಗ ಹೆಸರೂ ಬೇಕಂತಾ ಅವನಿಗೆ?"

"ಪಾಪ, ಎಷ್ಟು ಖುಷಿಯಿಂದ ಒಪ್ಪಿದ ಗೊತ್ತಾ!" ಎಂದಳು ಮಾರ್ಥಾ, ಹೊಲಿಗೆಯಿಂದ ತಲೆಯೆತ್ತದೆ.

ಮರುದಿನ ಬೆಳಗಾಗುತ್ತಲೇ ಜೇಬೆಜ್ ಅಳಿಯನ ಮನೆಗೆ ಹೋಗಿ ತನ್ನ ಕೊಡಲಿಯನ್ನು ಕಿತ್ತುಕೊಂಡು ಬಂದು, ಹೆಪ್ಪುಗಟ್ಟಿದ ಹೊಳೆಯಲ್ಲಿ ಒಬ್ಬ ಮನುಷ್ಯ ಮುಳುಗುವಷ್ಟು ಮಂಜುಗಡ್ಡೆ ಒಡೆದ.