ವಕಾಲತ್ತಿನ ದನಿ

ವಕಾಲತ್ತಿಗೆ ಸಹಿ ಬಿದ್ದ ಕೂಡಲೇ ಕಕ್ಷಿದಾರರ ದನಿ ವಕೀಲರ ಗಂಟಲಿಗೆ ಬಂದು ಕೂರುತ್ತದೆ; ತೀರ್ಪಾಗುವವರೆಗೂ ಅಲ್ಲೇ ಇರುತ್ತದೆ. ಎಲ್ಲ ಕೋರ್ಟುಗಳಲ್ಲೂ ನಡೆದುಬಂದದ್ದು ಹೀಗೇ. ಹೊಸ ವಕೀಲೆ ವಿನುತಾಳ ಗಂಟಲಲ್ಲಿದ್ದದ್ದು ಕಸ್ತೂರಿಯ ದನಿ. ಮಗಳು ಗಂಗಿಯನ್ನು ತನ್ನ ಗಂಡನ ವಶಕ್ಕೆ ಕೊಡಲಾರೆನೆಂದು ಕಸ್ತೂರಿ ಹೂಡಿದ ದಾವೆ ಅದು. ಆಗ ಗಂಗಿ ಎದೆಹಾಲು ಬಿಟ್ಟಿರಲಿಲ್ಲ. ಈಗ ಅವಳಿಗೆ ನಾಲ್ಕು ವರ್ಷ. ವಾಯಿದೆ ಕೇಳಿ ವಿಚಾರಣೆ ಮುಂದೂಡಿಸುವುದೇ ವಕೀಲಿಯ ಮೊದಲ ಪಾಠ ಎಂದು ಸೀನಿಯರ್ ಹೇಳಿಕೊಟ್ಟಿದ್ದರು. ವಿನುತಾ ಪ್ರತಿ ಸಲವೂ ವಾಯಿದೆ ಕೇಳಿದ್ದಳು.

ಮಗು ರಚ್ಚೆ ಹಿಡಿದರೆ ದನಿ ಕೊಟ್ಟು ಮೂಕಿಯಾಗಿದ್ದ ಕಸ್ತೂರಿ ಅದನ್ನೆತ್ತಿಕೊಂಡು ಆಫೀಸಿಗೆ ಬರುತ್ತಿದ್ದಳು. ವಿನುತಾ ಫೈಲು ಬದಿಗಿಟ್ಟು ಜೋಗುಳ ಹಾಡುತ್ತಿದ್ದಳು.

ಇವತ್ತು ನ್ಯಾಯಾಧೀಶರು ಗಂಗಿಯನ್ನೇ ಹತ್ತಿರ ಕರೆದರು.

"ಯಾರ ಕೂಡ ಇರ್ತೀಯವ್ವಾ? ಅಪ್ಪನ ಕೂಡೋ, ಅವ್ವನ ಕೂಡೋ?"

"ಅವ್ವನ ಕೂಡ."

"ಹಂಗಾರ ಹೋಗು, ನಿಮ್ಮವ್ವನ ಹತ್ರ."

ಕಸ್ತೂರಿ ನಗುತ್ತ ಎರಡೂ ಕೈ ಚಾಚಿದಳು. ಗಂಗಿ ಅವಳನ್ನು ದಾಟಿ ಓಡಿಬಂದು ವಿನುತಾಳ ಕರಿಕೋಟನ್ನು ತಬ್ಬಿಕೊಂಡಳು.

ವಿನುತಾ ಬೆಚ್ಚಿಬಿದ್ದಳು. "ನಾನಲ್ಲವ್ವಾ, ಅಕಿ ನಿಮ್ಮವ್ವ! ಅಲ್ಲಿ ನೋಡು!"

ಅವ್ವನ ದನಿ ಕೇಳಿದ್ದೇ ತಡ, ಮಗು ಕೋಟಿನೊಳಗೆ ಮುಖ ಹುದುಗಿಸಿ ಇನ್ನೂ ಬಿಗಿಯಾಗಿ ಅಪ್ಪಿಕೊಂಡಿತು.