ಅವ್ವನ ಓಟು

ಪಂಚಾಯಿತಿಯ ಒಂದೇ ಸ್ಥಾನಕ್ಕೆ ಅಣ್ಣ ತಮ್ಮ ಇಬ್ಬರೂ ಎದುರುಬದುರು ನಿಂತಿದ್ದರು. ಅಣ್ಣ ಒಂದೇ ಓಟಿನಿಂದ ಸೋತ. ಎಣಿಕೆಯ ಮರುದಿನ ಅವರ ಅವ್ವ ಶಿವನ ಪಾದ ಸೇರಿದಳು.

ಹಣೆಗೆ ವಿಭೂತಿ ಹಚ್ಚಿ ಚಟ್ಟದ ಮೇಲೆ ಮಲಗಿಸಿದ್ದಾಯಿತು. ಅಣ್ಣ ಮಾತ್ರ ಕಟ್ಟೆ ಬಿಟ್ಟು ಏಳಲಿಲ್ಲ.

"ಆಕಿ ಓಟು ಯಾರಿಗೆ ಹೋತೋ ಅವನೇ ಹೆಗಲು ಕೊಡ್ಲಿ," ಎಂದ.

"ನನಗೇ ಹಾಕ್ಯಾಳ. ನಾನೇ ಹೊರ್ತೀನಿ ಬಿಡು," ಎಂದ ತಮ್ಮ.

ಜನರೆಲ್ಲ ತಂಗಿ ನೀಲವ್ವನ ಕಡೆ ನೋಡಿದರು. ಕಣ್ಣು ಕಾಣದ ಅವ್ವನನ್ನು ಮತಗಟ್ಟೆಯೊಳಗೆ ಕೈಹಿಡಿದು ಕರೆದೊಯ್ದವಳು ಅವಳೇ. ಅವ್ವ ಹೇಳಿದ ಗುರುತಿಗೆ ಮುದ್ರೆ ಒತ್ತುವ ಕೆಲಸವೂ ಅವಳದೇ ಆಗಿತ್ತು.

"ಯಾರ ಮುಂದೂ ಹೇಳಂಗಿಲ್ಲಂತ ಸಹಿ ಮಾಡೀನಣ್ಣಾ."

"ಹಂಗಾರ ನಾನೂ ಏಳಂಗಿಲ್ಲ."

ಹೊತ್ತು ಇಳಿಯತೊಡಗಿತ್ತು. ನೀಲವ್ವ ಅವ್ವನ ಪಾದ ಮುಟ್ಟಿ ತಪ್ಪಾಯಿತೆಂದು ಕೈಮುಗಿದಳು.

"ಚೀಟಿ ಖಾಲೀನೇ ಹಾಕಿ ಬಂದ್ವಿ. ನಾ ಎಷ್ಟು ಸಲ ಕೇಳಿದ್ರೂ ಆಕಿ ಹೇಳಿದ್ದು ಒಂದೇ ಮಾತು: 'ನಿಮ್ಮಣ್ಣಗೋಳು ಇಬ್ಬರೂ ಕೂಡಿ ಇರೋ ಗುರ್ತು ಯಾವುದೈತಿ ನೋಡವ್ವಾ, ಅದಕ್ಕ ಒತ್ತು.'"